ದೊಡ್ಡಪ್ಪನ ಫೋಟೋದಲ್ಲಿದ್ದ ಮೀನು ಯಾವುದು?

ಬಸವೇಶ್ವರನಗರದ ನಮ್ಮ ದೊಡ್ಡಪ್ಪನ ಮನೆಗೆ ಈಚೆಗೆ ಪೇಂಟ್ ಮಾಡಿಸಿದರು. ಪೇಂಟ್ ಅಂದ್ರೆ ಗೊತ್ತಲ್ಲ, ಬಣ್ಣ ಬಳಿಯೋದಕ್ಕಿಂತ ಅಟ್ಟ ಖಾಲಿ ಮಾಡೋ ಕೆಲಸವೇ ಜಾಸ್ತಿ. ಭಾನುವಾರ ಕೈಜೋಡಿಸೋಣ ಅಂತ ವಿಜಯನಗರದಿಂದ ನಾನೂ ಹೋಗಿದ್ದೆ. ತುಕ್ಕು ಹಿಡಿದ ಟ್ರಂಕು, ಕೆಟ್ಟ ಮಿಕ್ಸಿ, ತಾಮ್ರದ ಹಂಡೆ, ಇವುಗಳ ಮಧ್ಯೆ ಒಂದು ಹಳೇ ಆಲ್ಬಂ ಸಿಕ್ಕಿತು. ಅಲ್ಲಿಗೆ ಕೆಲಸ ನಿಂತಿತು.

ಆಲ್ಬಂನಲ್ಲಿ ಒಂದು ಫೋಟೋ. 1980ರ ದಶಕದ್ದು. ದೊಡ್ಡಪ್ಪ ಬ್ಯಾಂಕಿನ ಗೆಳೆಯರ ಜೊತೆ ಭೀಮೇಶ್ವರಿಗೆ ಹೋಗಿದ್ದಾಗ ತೆಗೆದದ್ದು. ಕಾವೇರಿ ದಡದಲ್ಲಿ ಇಬ್ಬರು ಸೇರಿ ಒಂದು ಮೀನನ್ನು ಎತ್ತಿ ಹಿಡಿದಿದ್ದಾರೆ. ಒಬ್ಬರ ಕೈಲಿ ಆಗುವ ಮೀನಲ್ಲ ಅದು. ಹಿಂದೆ ಸಫಾರಿ ಡ್ರೆಸ್ಸಿನಲ್ಲಿ ನಮ್ಮ ದೊಡ್ಡಪ್ಪ, ತಾವೇ ಹಿಡಿದ ಹಾಗೆ ನಗುತ್ತಾ ನಿಂತಿದ್ದಾರೆ.

“ನೀವೇ ಹಿಡಿದಿದ್ದಾ ದೊಡ್ಡಪ್ಪ?” ಅಂತ ಕೇಳಿದೆ.

“ನಾನೆಲ್ಲಿ ಹಿಡೀಲೋ! ಯಾರೋ ಫಾರಿನರ್ ಗಾಳ ಹಾಕಿದ್ದು. ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೇ ಬಿಟ್ಟುಬಿಟ್ಟ ಪುಣ್ಯಾತ್ಮ. ನೋಡ್ತಾ ನಿಂತಿದ್ದ ನಮ್ಮ ಗೆಳೆಯರಿಗೆಲ್ಲ ಹೊಟ್ಟೆ ಉರೀತು.”

ಎಂಟನೇ ಕ್ಲಾಸಿನ ಅವರ ಮೊಮ್ಮಗ ಅಷ್ಟರಲ್ಲಿ ಮೊಬೈಲ್ ಹಿಡಿದು ಫೋಟೋವನ್ನು ಸ್ಕ್ಯಾನ್ ಮಾಡಿಯಾಗಿತ್ತು. “ತಾತ, ಇದು ಮಹಶೀರ್ ಅಂತೆ.” ದೊಡ್ಡಪ್ಪ ತಲೆ ಅಲ್ಲಾಡಿಸಿದರು. “ಅಲ್ಲಿಯವರು ಬಿಳಿ ಮೀನು ಅಂತಿದ್ದರು ಕಣೋ.” ಹುಡುಗ ಬಿಡಲಿಲ್ಲ. “ಚಿಕ್ಕಪ್ಪ, ಇಲ್ಲಿ ಮೂರು ಥರದ ಮಹಶೀರ್ ತೋರಿಸ್ತಿದೆ. ಇದು ಯಾವುದು?”

ನನಗೆ ಅಟ್ಟ ಮುಗಿಸುವ ಆತುರ. “ಯಾವುದಾದರೇನೋ, ಮೀನು ಮೀನೇ” ಅಂದುಬಿಟ್ಟೆ.

ಆ ರಾತ್ರಿ ಸುಮ್ಮನೆ ಕುತೂಹಲಕ್ಕೆ ಓದಲು ಕೂತೆ. ಆಮೇಲೆ ಹಲವು ರಾತ್ರಿ ಓದಿದೆ. ಆಗ ಗೊತ್ತಾಯಿತು, “ಮೀನು ಮೀನೇ” ಅನ್ನುವ ಇದೇ ಮಾತು ಫೋಟೋದಲ್ಲಿರುವಂಥ ಮೀನನ್ನು ಕಾವೇರಿಯಿಂದ ಹೆಚ್ಚುಕಡಿಮೆ ಅಳಿಸಿಹಾಕುವ ಹಂತಕ್ಕೆ ತಂದಿದೆ ಅಂತ.

ಮೀನುಗಳನ್ನು ಗುರುತಿಸಿ ಹೆಸರಿಡುವುದು ಯಾಕಿಷ್ಟು ಕಷ್ಟ? ಇದಕ್ಕೆ ಹಳೆಯ ಉದಾಹರಣೆ ಟ್ರೌಟ್. ಊಟಿ ಕಡೆ ಅವಲಾಂಚಿಗೆ ಹೋದವರಿಗೆ ಅಲ್ಲಿನ ಟ್ರೌಟ್ ಮರಿ ಕೇಂದ್ರ ಗೊತ್ತಿರಬಹುದು. ಬ್ರಿಟಿಷರು ತಮ್ಮೂರಿನ ನೆನಪಿಗೆ ಮತ್ತು ಗಾಳದ ಶೋಕಿಗೆ ಅಂತ ನೀಲಗಿರಿಯ ತಣ್ಣನೆ ಹೊಳೆಗಳಿಗೆ ಬಿಟ್ಟ ವಿದೇಶಿ ಮೀನು ಅದು.

ಯುರೋಪಿನ ಬ್ರೌನ್ ಟ್ರೌಟ್‌ಗೆ 1758ರಲ್ಲಿ ಹೆಸರಿಟ್ಟವನು ಲಿನ್ನೇಯಸ್. ಸಸ್ಯ, ಪ್ರಾಣಿಗಳಿಗೆಲ್ಲ ಎರಡು ಪದದ ವೈಜ್ಞಾನಿಕ ಹೆಸರು ಕೊಡುವ ಪದ್ಧತಿಯನ್ನು ಊರ್ಜಿತ ಮಾಡಿದವನೇ ಅವನು. ಅಂಥವನೇ ಟ್ರೌಟ್ ವಿಷಯದಲ್ಲಿ ಎಡವಿದ. ದೊಡ್ಡ ನದಿಯದಕ್ಕೆ ಒಂದು ಹೆಸರು, ಸಣ್ಣ ತೊರೆಯದಕ್ಕೆ ಇನ್ನೊಂದು, ಸಮುದ್ರಕ್ಕೆ ಹೋಗಿ ಬರುವುದಕ್ಕೆ ಮತ್ತೊಂದು ಅಂತ ಮೂರು ಹೆಸರು ಕೊಟ್ಟ. ಆಮೇಲೆ ಬಂದವರು ಚುಕ್ಕೆ, ಬಣ್ಣ, ಗಾತ್ರ ನೋಡಿ ಇನ್ನಷ್ಟು ಹೆಸರು ಸೇರಿಸಿದರು. ಲಿನ್ನೇಯಸ್‌ನ ಆ ಮೂರೂ ಇವತ್ತು ಒಂದೇ ಪ್ರಭೇದ, ಸಾಲ್ಮೊ ಟ್ರುಟ್ಟ. ಒಂದೇ ತಾಯಿಯ ಮರಿಗಳಲ್ಲೇ ಒಂದು ತೊರೆಯಲ್ಲಿ ಉಳಿದು ಕಂದಾಗಿ ಸಣ್ಣಗಿರಬಹುದು, ಇನ್ನೊಂದು ಸಮುದ್ರಕ್ಕೆ ಹೋಗಿ ಬೆಳ್ಳಿಯ ಹಾಗೆ ಹೊಳೆಯುತ್ತಾ ದೊಡ್ಡದಾಗಿ ವಾಪಸ್ ಬರಬಹುದು.

ಇದರ ಉಲ್ಟಾ ಕಥೆಯೂ ಇದೆ. ಐರ್‌ಲೆಂಡಿನಲ್ಲಿ ಲಾಕ್ ಮೆಲ್ವಿನ್ ಅಂತ ಒಂದು ಸರೋವರ. ಅದರಲ್ಲಿ ಮೂರು ಥರದ ಟ್ರೌಟ್. ಒಂದು ತಳದಲ್ಲಿ ಬಸವನಹುಳು ತಿನ್ನುತ್ತದೆ, ಮೈಮೇಲೆ ಕೆಂಪು ಚುಕ್ಕೆ. ಒಂದು ನಡುನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ತಿನ್ನುತ್ತದೆ, ರೆಕ್ಕೆ ಕಪ್ಪು. ಮೂರನೆಯದು ಬೇರೆ ಮೀನುಗಳನ್ನೇ ತಿಂದು ದೊಡ್ಡದಾಗುತ್ತದೆ. ಒಂದೇ ಸರೋವರ, ಬಲೆಗೂ ಒಟ್ಟಿಗೇ ಬೀಳುತ್ತವೆ. ಆದರೆ ಮೊಟ್ಟೆ ಇಡಲು ಮೂರೂ ಬೇರೆ ಬೇರೆ ಜಾಗಕ್ಕೆ ಹೋಗುತ್ತವೆ. ಪರೀಕ್ಷೆ ಮಾಡಿದಾಗ ಅವುಗಳ ವಂಶವಾಹಿಗಳೂ ಬೇರೆ ಬೇರೆ ಅಂತ ತಿಳಿಯಿತು. ಮೂರನ್ನೂ ಪ್ರತ್ಯೇಕ ಪ್ರಭೇದ ಅನ್ನಬೇಕಾ ಬೇಡವಾ ಅನ್ನುವುದರಲ್ಲಿ ಮಾತ್ರ ಇವತ್ತಿಗೂ ಒಮ್ಮತವಿಲ್ಲ.

ಅಂದ್ರೆ ಇಲ್ಲಿ ಎರಡು ಥರದ ತಪ್ಪು ಸಾಧ್ಯ. ಒಂದೇ ಮೀನನ್ನು ಮೂರು ಅನ್ನುವುದು ಮೊದಲನೆಯದು. ಮೂರು ಮೀನನ್ನು ಒಂದೇ ಅನ್ನುವುದು ಎರಡನೆಯದು. ಮೊದಲನೆಯದರಿಂದ ಹೆಚ್ಚೆಂದರೆ ಪುಸ್ತಕ ದಪ್ಪವಾಗುತ್ತದೆ. ಎರಡನೆಯದರಿಂದ ಒಂದು ಮೀನೇ ಹೋಗಿಬಿಡಬಹುದು. ನಮ್ಮ ಕಾವೇರಿಯಲ್ಲಿ ಆದದ್ದು ಈ ಎರಡನೆಯದು.

ಮಹಶೀರ್ ಅನ್ನುವುದು ಒಂದು ಮೀನಲ್ಲ, ಒಂದು ಬಳಗ. ವಿಜ್ಞಾನಿಗಳು ಈ ಬಳಗವನ್ನು ಟಾರ್ ಅನ್ನುತ್ತಾರೆ. ಹಿಮಾಲಯದಿಂದ ಇಂಡೊನೇಷ್ಯಾವರೆಗೆ ಹರಡಿರುವ ಇದರಲ್ಲಿ 2019ರ ಒಂದು ಪರಿಶೀಲನೆ ಒಪ್ಪಿದ್ದು 16 ಪ್ರಭೇದ. ಶೃಂಗೇರಿಯಲ್ಲಿ ನಾವು ನೀವೆಲ್ಲ ಪುರಿ ಹಾಕಿ ಬಂದಿರುವ ದೇವರ ಮೀನುಗಳೂ ಇದೇ ಬಳಗದವು. ಆದರೆ ಒಂದು ವಿಷಯ ನೆನಪಿಡಿ. ಶೃಂಗೇರಿಯ ತುಂಗೆ ಕೊನೆಗೆ ಸೇರುವುದು ಕೃಷ್ಣೆಯನ್ನು. ಕಾವೇರಿಯ ದಾರಿಯೇ ಬೇರೆ. ಮೀನು ಬೆಟ್ಟ ಹತ್ತಿ ಪಕ್ಕದ ನದಿಗೆ ಇಳಿಯಲ್ಲ. ಲಕ್ಷಾಂತರ ವರ್ಷ ಹೀಗೆ ಬೇರೆ ಬೇರೆ ಉಳಿದ ನದಿಗಳಲ್ಲಿ ಬೇರೆ ಬೇರೆ ಮೀನು ರೂಪುಗೊಳ್ಳುವುದು ಸಹಜ.

ಕಾವೇರಿಯಲ್ಲಿ ರೂಪುಗೊಂಡದ್ದು ಡುಬ್ಬದ ಮಹಶೀರ್. ಬೆನ್ನಿನ ರೆಕ್ಕೆ ಶುರುವಾಗುವ ಮುಂಚೆ ಮೈ ಎತ್ತರಕ್ಕೆ ಉಬ್ಬಿರುತ್ತದೆ, ರೆಕ್ಕೆಗಳು ಕಿತ್ತಳೆ ಬಣ್ಣ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಸ್ವಾಭಾವಿಕವಾಗಿ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತು, ಅಂದ್ರೆ ಸುಮಾರು 54 ಕೆಜಿ. ಸತ್ತ ಹುಲಿ, ಚಿರತೆಗಳಿಗೆ ಜೀವಂತ ರೂಪ ಕೊಡುವುದಕ್ಕೆ ಹೆಸರಾಗಿದ್ದ ಮನೆತನ ಅದು. ಮೀನಿನ ಆ ದಾಖಲೆಯನ್ನು ಗಾಳದವರು ಇವತ್ತಿಗೂ ನೆನೆಯುತ್ತಾರೆ.

ಇಷ್ಟು ಪ್ರಸಿದ್ಧವಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾದದ್ದು ಯಾವಾಗ ಗೊತ್ತಾ? 2018ರಲ್ಲಿ!

ಅಲ್ಲಿಯವರೆಗೆ ಏನಾಗಿತ್ತು ಅಂದ್ರೆ, 1839ರಲ್ಲಿ ಸೈಕ್ಸ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ ದಖ್ಖನ್ನಿನ ಮೀನುಗಳನ್ನು ವಿವರಿಸಿದ್ದ. ಪುಣೆಯ ಮುಳಾ-ಮುಠಾ ನದಿಯ ಮಹಶೀರ್‌ಗೆ ಅವನು ಇಟ್ಟ ಹೆಸರೇ ಖುದ್ರೀ. ರೆಕ್ಕೆ ನೀಲಿ ಛಾಯೆಯದು. ಅದೇ ಬರಹದಲ್ಲಿ ಮುಸುಲ್ಲಾ ಅಂತ ಇನ್ನೊಂದು ಮೀನೂ ಇತ್ತು. ಮುಂದಿನವರು ಕಾವೇರಿಯ ಡುಬ್ಬದ ಮೀನನ್ನು ಒಮ್ಮೆ ಖುದ್ರೀ ಅಂದರು, ಒಮ್ಮೆ ಮುಸುಲ್ಲಾ ಅಂದರು. ಎಷ್ಟೋ ವರ್ಷ ಆದಮೇಲೆ ಮುಸುಲ್ಲಾ ಮಹಶೀರ್ ಬಳಗದ್ದೇ ಅಲ್ಲ ಅಂತ ತೀರ್ಮಾನವಾಯಿತು. ನಮ್ಮ ಡುಬ್ಬದ ಮೀನು ಮತ್ತೆ ಅನಾಮಧೇಯ.

ಹೆಸರಿಲ್ಲದಿದ್ದರೆ ಏನಂತೆ ಅನ್ನಬಹುದು. ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಬೇಕಾದರೆ ಹೆಸರು ಬೇಕು. ಕಾನೂನಿನ ರಕ್ಷಣೆ ಕೇಳಬೇಕಾದರೆ ಹೆಸರು ಬೇಕು. ದಾಖಲೆಯಲ್ಲಿ ಹೆಸರೇ ಇಲ್ಲದವರಿಗೆ ರೇಷನ್ ಕಾರ್ಡ್ ಯಾರು ಕೊಡ್ತಾರೆ ಹೇಳಿ.

ಈ ಗೊಂದಲದ ಮಧ್ಯೆಯೇ ಒಂದು ಒಳ್ಳೇ ಕೆಲಸ ಶುರುವಾಗಿತ್ತು. ಅಣೆಕಟ್ಟು, ಡೈನಮೈಟ್, ವಿಷ ಹಾಕಿ ಮೀನು ಹಿಡಿಯುವುದು, ಇವೆಲ್ಲದರಿಂದ ದೇಶದ ನದಿಗಳಲ್ಲಿ ಮಹಶೀರ್ ಕಡಿಮೆಯಾಗುತ್ತಿತ್ತು. 1970ರ ದಶಕದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಲೋನಾವಳದಲ್ಲಿ ಮಹಶೀರ್ ಮರಿ ಮಾಡಿಸಲು ಕೈಹಾಕಿದರು. ಹರಿಯುವ ನೀರಿನ ಮೀನನ್ನು ತೊಟ್ಟಿಯಲ್ಲಿ ಮರಿ ಮಾಡಿಸುವುದು ಸುಲಭವಲ್ಲ, ಅದರಲ್ಲಿ ಅವರು ಗೆದ್ದರು. ಮರಿಗಳನ್ನು ಬೇರೆ ಬೇರೆ ರಾಜ್ಯಗಳಿಗೆ ಕೊಟ್ಟರು. ಕಾವೇರಿಗೂ ಬಂದವು. ಎಲ್ಲರ ಉದ್ದೇಶವೂ ಒಳ್ಳೆಯದೇ. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಬಿಡೋಣ.

ಆದರೆ ಬಂದದ್ದು ನೀಲಿ ರೆಕ್ಕೆಯ ಖುದ್ರೀ. ಕಡಿಮೆಯಾಗಿದ್ದದ್ದು ಕಿತ್ತಳೆ ರೆಕ್ಕೆಯ ಡುಬ್ಬದ ಮೀನು. ಎರಡಕ್ಕೂ ನಾವು ಕರೆದದ್ದು ಮಹಶೀರ್ ಅಂತ. ಮೀನು ಮೀನೇ!

ಇದರ ಪರಿಣಾಮ ಗೊತ್ತಾದದ್ದು ಗಾಳದವರ ಲೆಕ್ಕದ ಪುಸ್ತಕದಿಂದ. ಸಂಗಮದ ಹತ್ತಿರ ಗಾಳಿಬೋರೆ ಅಂತ ಒಂದು ಕ್ಯಾಂಪ್ ಇದೆ. ಅಲ್ಲಿ ಮೀನು ಹಿಡಿದು, ತೂಕ ಬರೆದು, ಮತ್ತೆ ನೀರಿಗೆ ಬಿಡುವ ಪದ್ಧತಿ ಇತ್ತು. ದೊಡ್ಡಪ್ಪನ ಗೆಳೆಯರ ಹೊಟ್ಟೆ ಉರಿಸಿದ ಪದ್ಧತಿ ಅದೇ. 1998ರಿಂದ 2012ರವರೆಗೆ, ಅಂದ್ರೆ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಲ್ಲುವವರೆಗೆ, ಬರೆದಿಟ್ಟ ಲೆಕ್ಕವನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಪರಿಶೀಲಿಸಿದರು. 23,000 ಗಂಟೆಗೂ ಹೆಚ್ಚಿನ ಗಾಳಗಾರಿಕೆ, 6,000ಕ್ಕೂ ಹೆಚ್ಚು ಮೀನು.

ಮೇಲ್ನೋಟಕ್ಕೆ ಲೆಕ್ಕ ಖುಷಿ ಕೊಡುವಂಥದ್ದು. ವರ್ಷದಿಂದ ವರ್ಷಕ್ಕೆ ಸಿಗುವ ಮೀನಿನ ಸಂಖ್ಯೆ ಹೆಚ್ಚಿತ್ತು. ಬಿಡಿಸಿ ನೋಡಿದಾಗ ಕಂಡದ್ದೇ ಬೇರೆ. ಹೆಚ್ಚಿದ್ದದ್ದು ನೀಲಿ ರೆಕ್ಕೆಯದು. ಡುಬ್ಬದ ಮೀನು ಇಳಿಯುತ್ತಾ ಹೋಗಿತ್ತು. ಒಟ್ಟು ಸಂಖ್ಯೆ ನೋಡಿದವರಿಗೆ ಯಶಸ್ಸು, ಒಳಗೆ ಇಣುಕಿದವರಿಗೆ ಗಾಬರಿ. ಆಫೀಸಿನಲ್ಲಿ ಡ್ಯಾಶ್‌ಬೋರ್ಡ್ ನೋಡುವ ನಮಗೆಲ್ಲ ಇದು ಅರ್ಥವಾಗುವ ವಿಷಯವೇ. ಟೋಟಲ್ ಚೆನ್ನಾಗಿದೆ ಅಂತ ಸುಮ್ಮನಿದ್ದರೆ ಯಾವ ಸಾಲು ಸೊನ್ನೆಗೆ ಬರುತ್ತಿದೆ ಅಂತ ಗೊತ್ತೇ ಆಗಲ್ಲ. ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು.

ಆಮೇಲೆ ಹೆಸರಿನ ಹುಡುಕಾಟ. ಹೆಸರು ಹುಡುಕಲು ಮೊದಲು ಮೀನು ಸಿಗಬೇಕಲ್ಲ! ಕೊನೆಗೆ ನೀಲಗಿರಿಯಿಂದ ಇಳಿದು ಬರುವ ಮೊಯಾರ್ ನದಿಯಲ್ಲಿ ಡುಬ್ಬದ ಮೀನು ಸಿಕ್ಕಿತು. ಅದರ ಮೈಯ ಅಳತೆ, ಹುರುಪೆಗಳ ಎಣಿಕೆ ಮತ್ತು ಡಿಎನ್ಎ, ಮೂರನ್ನೂ ಇಟ್ಟುಕೊಂಡು ಹೋಲಿಸಿದರು. ಅದು ತಾಳೆಯಾದದ್ದು ಯಾರೂ ನಿರೀಕ್ಷಿಸದ ಒಂದು ಹೆಸರಿಗೆ. ಕೇರಳದ ಚಿನ್ನಾರ್ ಅಭಯಾರಣ್ಯದ ಪಾಂಬಾರ್ ಹೊಳೆಯಲ್ಲಿ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು ಕೆಲವು ವರ್ಷಗಳ ಹಿಂದೆಯೇ ಒಂದು ಹೊಸ ಮಹಶೀರ್ ಗುರುತಿಸಿದ್ದರು. ಪಾಂಬಾರ್ ಕೂಡ ಅಮರಾವತಿಯ ಮೂಲಕ ಕಾವೇರಿಗೇ ಸೇರುವ ನೀರು. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೀನು ತಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ ಅದಕ್ಕೆ ಟಾರ್ ರೆಮಾದೇವಿ ಅಂತ ಹೆಸರಿಟ್ಟಿದ್ದರು. ಆದರೆ ಅವರ ಕೈಗೆ ಸಿಕ್ಕಿದ್ದದ್ದು ಬರೀ ಮರಿಗಳು. ಆ ಪುಟ್ಟ ಮರಿಗಳೇ ಬೆಳೆದು 50 ಕೆಜಿಯ ದೈತ್ಯ ಆಗುತ್ತವೆ ಅಂತ ಯಾರಿಗೂ ಹೊಳೆದಿರಲಿಲ್ಲ. ಹೀಗೆ ಒಂದು ಕಡೆ ಹೆಸರಿಲ್ಲದ ದೊಡ್ಡ ಮೀನು, ಇನ್ನೊಂದು ಕಡೆ ಹೆಸರಿದ್ದ ಸಣ್ಣ ಮೀನು. ಎರಡೂ ಒಂದೇ ಅಂತ ತೋರಿಸಿಕೊಟ್ಟ ಅಧ್ಯಯನ 2018ರ ಜೂನ್‌ನಲ್ಲಿ ಬಂತು.

ಹೆಸರು ಸಿಕ್ಕಿದ್ದೇ ತಡ, ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಗೆ ಸೇರಿತು. ಯಾವ ದರ್ಜೆ? ‘ತೀವ್ರವಾಗಿ ಅಳಿವಿನಂಚಿನಲ್ಲಿರುವುದು’. ಕಾಡಿನಲ್ಲಿ ಪೂರ್ತಿ ಇಲ್ಲವಾಗುವುದಕ್ಕೆ ಮುಂಚಿನ ಕೊನೇ ಮೆಟ್ಟಿಲು ಅದು. ಹುಟ್ಟಿದ ಪತ್ರ ಕೈಗೆ ಬಂದ ವರ್ಷವೇ ಐಸಿಯುಗೆ ಅಡ್ಮಿಟ್ ಆದ ಹಾಗೆ. ಇನ್ನೊಂದು ಕಡೆ, ಒಂದು ಕಾಲಕ್ಕೆ ಅಪಾಯದಲ್ಲಿದೆ ಅಂತ ಪಟ್ಟಿಯಲ್ಲಿದ್ದ ನೀಲಿ ರೆಕ್ಕೆಯ ಖುದ್ರೀ ಈಗ ‘ಹೆಚ್ಚು ಆತಂಕವಿಲ್ಲ’ ಅನ್ನುವ ದರ್ಜೆಯಲ್ಲಿದೆ.

ಡಿಎನ್ಎ ಪರೀಕ್ಷೆ ಬಂತಲ್ಲ, ಇನ್ನು ಗೊಂದಲ ಮುಗೀತು ಅಂದುಕೊಳ್ಳಬೇಡಿ. ಮನುಷ್ಯರಲ್ಲಿ 46 ವರ್ಣತಂತು ಇದ್ದರೆ ಮಹಶೀರ್‌ಗಳಲ್ಲಿ 100. ಯಾವುದೋ ಕಾಲದಲ್ಲಿ ಇವುಗಳ ಪೂರ್ವಜರಲ್ಲಿ ಇಡೀ ವಂಶವಾಹಿ ಕಂತೆಯೇ ಇಮ್ಮಡಿಯಾಗಿದೆ. ಸಾಮಾನ್ಯವಾಗಿ ಪ್ರಭೇದ ಗುರುತಿಸಲು ಬಳಸುವುದು ತಾಯಿಯಿಂದ ಮಾತ್ರ ಬರುವ ಒಂದು ಚೂರು ಡಿಎನ್ಎ. ನೀಲಿ ರೆಕ್ಕೆಯ ಗಂಡು, ಡುಬ್ಬದ ಹೆಣ್ಣು ಸೇರಿ ಮಿಶ್ರ ಮರಿ ಹುಟ್ಟಿದರೆ ಆ ಚೂರು ‘ಇದು ಡುಬ್ಬದ ಮೀನು’ ಅಂತಲೇ ಹೇಳುತ್ತದೆ. ಅಪ್ಪನ ಸುದ್ದಿಯೇ ಬರಲ್ಲ. ಹಾಗಂತ ಬರೀ ಕಣ್ಣಳತೆಯನ್ನೂ ನಂಬುವಂತಿಲ್ಲ. ನೀರು, ವಯಸ್ಸು, ಆಹಾರಕ್ಕೆ ತಕ್ಕಂತೆ ಮೀನಿನ ಬಣ್ಣ, ಆಕಾರ ಬದಲಾಗುತ್ತದೆ. ಅದಕ್ಕೇ ಕಣ್ಣು, ಅಳತೆಪಟ್ಟಿ, ಪ್ರಯೋಗಾಲಯ, ಮೂರರ ಸಾಕ್ಷಿಯೂ ಬೇಕು. ಜೊತೆಗೆ ಅಲ್ಲಿನ ಮೀನುಗಾರರು ಏನಂತಾರೆ ಅನ್ನುವುದೂ ಬೇಕು.

ಇದಕ್ಕೂ ನಮ್ಮ ರಾಜಾಜಿನಗರ, ವಿಜಯನಗರ, ಕೆಂಗೇರಿಗೂ ಏನು ಸಂಬಂಧ ಅಂತೀರಾ? ನೇರ ಸಂಬಂಧ ಇದೆ. ನೇರಳೆ ಮೆಟ್ರೋದಲ್ಲಿ ಕೆಂಗೇರಿ ಕಡೆ ಹೋಗುವಾಗ ನಾಯಂಡಹಳ್ಳಿಯ ಆಸುಪಾಸಿನಲ್ಲಿ ಕಿಟಕಿಯಿಂದ ಕಪ್ಪು ನೀರು ಕಾಣುತ್ತದಲ್ಲ, ನಾವು ‘ಮೋರಿ’ ಅಂತ ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಅದು ವೃಷಭಾವತಿ ನದಿ. ಪಶ್ಚಿಮ ಬೆಂಗಳೂರಿನ ಬಚ್ಚಲು, ಸಿಂಕು, ಕಾರ್ಖಾನೆಗಳ ನೀರು ಅದರಲ್ಲಿ ಇಳಿದು ಬೈರಮಂಗಲ ಕೆರೆ ದಾಟಿ ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಕನಕಪುರದ ಆಚೆ ಕಾವೇರಿಗೆ ಸೇರುವ ಜಾಗವೇ ಸಂಗಮ. ಡುಬ್ಬದ ಮೀನಿನ ಹಳೇ ಮನೆಯ ಬಾಗಿಲು.

ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ತಂದು ನಮ್ಮ ನಲ್ಲಿಗೆ ಬಿಡುತ್ತಾರೆ. ನಾವು ಪಾತ್ರೆ ತೊಳೆದು, ವಾಷಿಂಗ್ ಮೆಷಿನ್ ಹಾಕಿ, ಅದನ್ನೇ ವೃಷಭಾವತಿಯ ಕೈಲಿ ವಾಪಸ್ ಕಳಿಸುತ್ತೇವೆ. ಮೇಕೆದಾಟು ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ಟಿಎಂಸಿ ಲೆಕ್ಕ. ಆ ನೀರಿನಲ್ಲಿ ಬೇರೆಲ್ಲೂ ಸಿಗದ ಒಂದು ಮೀನು ಇದೆ ಅನ್ನುವುದೂ ಆ ಲೆಕ್ಕದಲ್ಲಿ ಒಂದು ಸಾಲಾಗಬೇಕು.

ನಾವೇನು ಮಾಡಬಹುದು? ವೃಷಭಾವತಿಯನ್ನು ಒಬ್ಬರೇ ಶುದ್ಧ ಮಾಡಲು ಆಗಲ್ಲ. ಅಪಾರ್ಟ್‌ಮೆಂಟಿನ ಮೀಟಿಂಗ್‌ನಲ್ಲಿ ಕೊಳಚೆ ಶುದ್ಧೀಕರಣ ಘಟಕ ನಿಜಕ್ಕೂ ಓಡ್ತಿದೆಯಾ ಅಂತ ಕೇಳಬಹುದು. ಇನ್ನೊಂದು ಸಣ್ಣ ಕೆಲಸ ಇದೆ. ಮನೆ ಬದಲಾಯಿಸುವಾಗ ಅಕ್ವೇರಿಯಂ ಮೀನನ್ನು ಹತ್ತಿರದ ಕೆರೆಗೆ ಬಿಟ್ಟು ‘ಬದುಕಿಕೊಳ್ಳಲಿ ಪಾಪ’ ಅನ್ನುತ್ತೇವಲ್ಲ, ಅದನ್ನು ಬಿಡಬಹುದು. ಅಂಗಡಿಯವರಿಗೋ, ಸಾಕುವವರಿಗೋ ಕೊಡಿ. ಹರಕೆ, ಪುಣ್ಯ, ಪರಿಸರ ದಿನ ಅಂತ ಯಾರಾದರೂ ನದಿಗೆ ಮರಿ ಬಿಡುತ್ತಿದ್ದರೆ ಒಂದೇ ಪ್ರಶ್ನೆ ಕೇಳಿ. “ಯಾವ ಮೀನು? ಈ ನದಿಯದೇನಾ?” ಈ ಪ್ರಶ್ನೆಯನ್ನು ಆಗಲೇ ಕೇಳಿದ್ದರೆ ಕಾವೇರಿಯ ಕಥೆ ಬೇರೆ ಇರುತ್ತಿತ್ತು.

ಮುಂದಿನ ಭಾನುವಾರ ಮತ್ತೆ ಬಸವೇಶ್ವರನಗರಕ್ಕೆ ಹೋದೆ. ಹುಡುಗನನ್ನು ಕೂರಿಸಿಕೊಂಡು ಹೋದ ವಾರ ಹೇಳಿದ್ದು ತಪ್ಪು ಅಂತ ಒಪ್ಪಿಕೊಂಡೆ. ಇಬ್ಬರೂ ಸೇರಿ ಫೋಟೋ ನೋಡಿದೆವು. ರೆಕ್ಕೆ ಕಿತ್ತಳೆಯಾಗಿ ಕಾಣುತ್ತದೆ. ಆದರೆ ಹಳೇ ಕಲರ್ ಫೋಟೋ, ದೊಡ್ಡಪ್ಪನ ಸಫಾರಿಯೂ ಕಿತ್ತಳೆಯೇ, ಹಿಂದಿನ ಬಂಡೆಯೂ ಕಿತ್ತಳೆಯೇ. ಬಣ್ಣದ ಸಾಕ್ಷಿ ನಡೆಯಲ್ಲ ಅಂತ ಅವನೇ ಹೇಳಿದ. ಬೆನ್ನಿನ ಮೇಲೆ ಬೆರಳಿಟ್ಟು ನೋಡು ಅಂದೆ. ರೆಕ್ಕೆಗೆ ಮುಂಚೆ ಎತ್ತಿನ ಹಿಣಿಲಿನ ಥರ ಎದ್ದು ನಿಂತಿತ್ತು. “ಡುಬ್ಬ!” ಅಂದ.

ಫೋಟೋ ಹಿಂದೆ ದೊಡ್ಡಪ್ಪನ ಕೈಬರಹದಲ್ಲಿ ‘ಭೀಮೇಶ್ವರಿ. ಮೀನು’ ಅಂತಷ್ಟೇ ಇತ್ತು. ಅವರು ಪೆನ್ನು ತರಿಸಿ, ಕನ್ನಡಕ ಹಾಕಿಕೊಂಡು, ‘ಮೀನು’ ಅನ್ನುವುದಕ್ಕೆ ಮುಂಚೆ ‘ಬಿಳಿ’ ಅಂತ ಸೇರಿಸಿದರು. ಆಮೇಲೆ ಸ್ವಲ್ಪ ಯೋಚಿಸಿ ಕೆಳಗೆ ‘ಡುಬ್ಬ ಇದೆ’ ಅಂತಲೂ ಬರೆದರು.

“ಅವತ್ತು ಅವನು ನೀರಿಗೆ ಬಿಟ್ಟಿದ್ದು ಒಳ್ಳೇದೇ ಆಯ್ತು ಬಿಡು” ಅಂದರು, ಆಲ್ಬಂ ಮುಚ್ಚುತ್ತಾ.